ವಿಮಾನ ಓಡಿಸುವವರನ್ನೂ ಚೆಕ್ ಮಾಡ್ತಾರಾ?

ಹೌದು, ಮಾಡುತ್ತಾರೆ. ಬೆಲ್ಟ್ ಬಿಚ್ಚಿಸುತ್ತಾರೆ, ಬ್ಯಾಗನ್ನು ಎಕ್ಸ್‌ರೇ ಯಂತ್ರದೊಳಗೆ ಕಳಿಸುತ್ತಾರೆ, ಕೆಲವು ಕಡೆ ಬೂಟನ್ನೂ ತೆಗೆಸುತ್ತಾರೆ, ಕೈ ಅಗಲಿಸಿ ನಿಲ್ಲಿಸಿ ಮೈ ತಡವುತ್ತಾರೆ. ನಿಮಗೆ ಏನೇನು ಮಾಡುತ್ತಾರೋ ನಮಗೂ ಹೆಚ್ಚುಕಡಿಮೆ ಅದೇ.

ನಾನು ಪೈಲಟ್ ಅಂತ ಗೊತ್ತಾದ ತಕ್ಷಣ ಜನ ಕೇಳುವ ಪ್ರಶ್ನೆ ಇದು. ಕೇಳಿದ ಮೇಲೆ ಇನ್ನೊಂದು ಮಾತನ್ನೂ ಸೇರಿಸುತ್ತಾರೆ: "ಇಡೀ ವಿಮಾನವನ್ನೇ ನಿಮ್ಮ ಕೈಗೆ ಕೊಟ್ಟಿರ್ತಾರೆ, ಅಂಥವರ ಬ್ಯಾಗಲ್ಲಿ ಉಗುರು ಕತ್ತರಿ ಹುಡುಕೋದು ಯಾಕೆ?" ಕೇಳುವವರಿಗೆ ನಗು ಬರುತ್ತದೆ. ನಮಗೆ ಬರುವುದಿಲ್ಲ. ಈ ವಿಷಯದಲ್ಲಿ ಪೈಲಟ್‌ಗಳಿಗೆ ನಿಜವಾಗಲೂ ಬೇಸರ ಇದೆ, ಸಿಟ್ಟೂ ಇದೆ. ಹಾಗಂತ "ನಮ್ಮನ್ನು ಚೆಕ್ ಮಾಡಲೇಬಾರದು" ಅನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಮಾಡಲೇಬೇಕು. ಆದರೆ ನಮ್ಮಲ್ಲಿ ಏನನ್ನು ಹುಡುಕಬೇಕೋ ಅದನ್ನು ಬಿಟ್ಟು ಬೇರೇನನ್ನೋ ಹುಡುಕುತ್ತಿದ್ದಾರೆ. ನನ್ನ ತಕರಾರು ಇರುವುದು ಅಲ್ಲಿ.

ಮೊದಲು ನಿಯಮದ ವಿಷಯ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಮಾಡಿರುವ ನಿಯಮಗಳಲ್ಲಿ 17ನೇ ಅನುಬಂಧ ಪೂರ್ತಿ ಭದ್ರತೆಗೆ ಸಂಬಂಧಪಟ್ಟದ್ದು. ಪ್ರಯಾಣಿಕರಲ್ಲದವರೂ, ಅಂದರೆ ಪೈಲಟ್, ಗಗನಸಖಿ, ಮೆಕ್ಯಾನಿಕ್, ಕ್ಲೀನಿಂಗ್‌ನವರು ಎಲ್ಲರೂ, ನಿರ್ಬಂಧಿತ ಜಾಗಕ್ಕೆ ಕಾಲಿಡುವ ಮುಂಚೆ ತಪಾಸಣೆಗೆ ಒಳಗಾಗಬೇಕು ಅಂತ ಅದು ಹೇಳುತ್ತದೆ. ಹೇಗೆ, ಎಷ್ಟು ಅನ್ನೋದನ್ನ ಆಯಾ ದೇಶ ತೀರ್ಮಾನ ಮಾಡಿಕೊಳ್ಳುತ್ತದೆ. ಹಾಗಾಗಿ ಬೆಳಗ್ಗೆ ಹೊರಟ ಕಡೆ ಒಂದು ನಿಯಮ, ಮಧ್ಯಾಹ್ನ ಇಳಿದ ಕಡೆ ಇನ್ನೊಂದು. ಅಲ್ಲಿ ಬಿಟ್ಟ ಸಾಮಾನನ್ನು ಇಲ್ಲಿ ತೆಗೆದಿಡಿ ಅನ್ನುತ್ತಾರೆ. ಅದೇ ಬ್ಯಾಗು, ಅದೇ ಮನುಷ್ಯ, ಅದೇ ದಿನ.

ಒಂದು ಉದಾಹರಣೆ ಕೊಡುತ್ತೇನೆ. ನನಗೆ ದೃಷ್ಟಿ ದೋಷ ಇದೆ. ಕನ್ನಡಕ ಅಥವಾ ಲೆನ್ಸ್ ಹಾಕಿಕೊಂಡೇ ವಿಮಾನ ಓಡಿಸಬೇಕು, ಜೊತೆಗೆ ಇನ್ನೊಂದು ಕನ್ನಡಕ ತಕ್ಷಣ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರಬೇಕು ಅಂತ ನನ್ನ ಮೆಡಿಕಲ್ ಸರ್ಟಿಫಿಕೇಟ್‌ನಲ್ಲೇ ಬರೆದಿದೆ. ಅದಿಲ್ಲದೆ ನಾನು ಸೀಟಿನಲ್ಲಿ ಕೂರುವ ಹಾಗೇ ಇಲ್ಲ. ಅದಕ್ಕೆ ಒಂದು ಸಣ್ಣ ಚೀಲದಲ್ಲಿ ಎರಡನೇ ಕನ್ನಡಕ, ಲೆನ್ಸ್ ತೊಳೆಯುವ ದ್ರಾವಣ, ಕನ್ನಡಕದ ಕಡ್ಡಿ ಸಡಿಲವಾದರೆ ಬಿಗಿ ಮಾಡಲು ಒಂದು ಪುಟಾಣಿ ಸ್ಕ್ರೂಡ್ರೈವರ್ ಇಟ್ಟುಕೊಳ್ಳುತ್ತೇನೆ. ಹೆಬ್ಬೆರಳಿಗಿಂತ ಉದ್ದ ಇಲ್ಲ ಅದು. ಒಂದು ನಿಲ್ದಾಣದಲ್ಲಿ ಆ ಚೀಲವನ್ನು ಟ್ರೇಯಿಂದ ಎತ್ತಿ, ಮೂರನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ದ್ರಾವಣದ ಬಾಟಲಿ 120 ಮಿಲಿಲೀಟರಿನದು, ಒಳಗೆ ಇದ್ದದ್ದು ಅರ್ಧಕ್ಕಿಂತ ಕಡಿಮೆ. "ಒಳಗೆ ಎಷ್ಟಿದೆ ಅನ್ನೋದು ಲೆಕ್ಕ ಇಲ್ಲ ಸರ್, ಬಾಟಲಿ ಮೇಲೆ ಏನು ಬರೆದಿದೆ ಅನ್ನೋದೇ ಲೆಕ್ಕ." ಅವರು ಹೇಳಿದ್ದು ಸರಿಯೇ, 100 ಮಿಲಿಲೀಟರ್ ಮಿತಿ ಲೆಕ್ಕಕ್ಕೆ ಬರೋದು ಡಬ್ಬಿಯ ಅಳತೆಗೆ. ದ್ರಾವಣ ಹೋಯಿತು. ಆಮೇಲೆ ಸ್ಕ್ರೂಡ್ರೈವರನ್ನು ಬೆರಳುಗಳ ನಡುವೆ ಹಿಡಿದು ತಿರುಗಿಸಿ ನೋಡಿದರು, ಇನ್ನೊಬ್ಬರನ್ನು ಕರೆದರು, ಅವರು ಮೂರನೆಯವರನ್ನು ಕರೆದರು. ಹಿಂದೆ ಪ್ರಯಾಣಿಕರು ನಿಂತು ನೋಡುತ್ತಿದ್ದಾರೆ, ಅದರಲ್ಲಿ ಕೆಲವರು ನನ್ನ ವಿಮಾನಕ್ಕೇ ಬರುವವರು. ಕೊನೆಗೆ ಸ್ಕ್ರೂಡ್ರೈವರೂ ಹೋಯಿತು.

ಈಗ ಕಾಕ್‌ಪಿಟ್ ಒಳಗೆ ಬನ್ನಿ. ಸೀಟಿನ ಹಿಂದೆ ಒಂದು ಕೊಡಲಿ ಇರುತ್ತದೆ. ಸುಮ್ನೆ ಹೇಳುತ್ತಿಲ್ಲ, ನಿಜವಾದ ಕೊಡಲಿ. ಬೆಂಕಿ ಬಿದ್ದರೆ ಪ್ಯಾನೆಲ್ ಒಡೆಯಲು, ಸಿಕ್ಕಿಹಾಕಿಕೊಂಡರೆ ದಾರಿ ಮಾಡಿಕೊಳ್ಳಲು ಅಂತ ದೊಡ್ಡ ವಿಮಾನಗಳಲ್ಲಿ ಕಾಕ್‌ಪಿಟ್‌ನಲ್ಲೇ ಕೊಡಲಿಯೋ ಹಾರೆಯೋ ಇಟ್ಟಿರಬೇಕು ಅಂತ ನಿಯಮವೇ ಇದೆ. ಏರ್‌ಬಸ್ ಎ320ರ ಟ್ಯಾಂಕ್‌ಗಳಲ್ಲಿ ಸುಮಾರು 24,000 ಲೀಟರ್ ಇಂಧನ ಹಿಡಿಯುತ್ತದೆ, ಅದನ್ನು ಹೊತ್ತ ವಿಮಾನದ ಕಂಟ್ರೋಲ್ ನನ್ನ ಕೈಯಲ್ಲೇ ಇರುತ್ತದೆ. ನಾನು ಕೆಟ್ಟದ್ದು ಮಾಡಬೇಕು ಅಂತಿದ್ದರೆ ನನಗೆ ಹೊರಗಿನಿಂದ ಏನೂ ತರಬೇಕಾಗಿಲ್ಲ. ಪೈಲಟ್‌ಗಳೆಲ್ಲ ಹೇಳುವ ವಾದ ಇದೇ, ಇದರಲ್ಲಿ ಸುಳ್ಳೇನಿಲ್ಲ.

ಆದರೂ ಚೆಕ್ ಮಾಡಬೇಕು ಅಂತ ಯಾಕೆ ಹೇಳುತ್ತೇನೆ? 1987ರ ಡಿಸೆಂಬರ್ 7ರ ಕಾರಣಕ್ಕೆ. ಅವತ್ತು ಲಾಸ್ ಏಂಜಲೀಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ, ಪಿಎಸ್ಎ ಅನ್ನುವ ಅಮೆರಿಕದ ವಿಮಾನ ಸಂಸ್ಥೆಯ 1771 ವಿಮಾನಕ್ಕೆ, ಕೆಲಸದಿಂದ ತೆಗೆದುಹಾಕಿದ್ದ ಒಬ್ಬ ವಿಮಾನ ಸಂಸ್ಥೆ ನೌಕರ ರಿವಾಲ್ವರ್ ಇಟ್ಟುಕೊಂಡು ಹತ್ತಿದ. ಅವನ ಐಡಿ ಕಾರ್ಡನ್ನು ವಾಪಸ್ ತೆಗೆದುಕೊಂಡಿರಲಿಲ್ಲ. ಆ ಕಾಲದಲ್ಲಿ ಕಾರ್ಡ್ ಇದ್ದ ನೌಕರರು ತಪಾಸಣೆ ಇಲ್ಲದೆ ಪಕ್ಕದಿಂದ ಹೋಗಿಬಿಡಬಹುದಿತ್ತು. ಅವನೂ ಹಾಗೇ ಹೋದ. ಅದೇ ವಿಮಾನದಲ್ಲಿ ಅವನನ್ನು ಕೆಲಸದಿಂದ ತೆಗೆದ ಮೇಲಧಿಕಾರಿ ಇದ್ದರು. ವಿಮಾನ ಬಿತ್ತು, 43 ಜನ ಸತ್ತರು. ಅಮೆರಿಕದಲ್ಲಿ ಪೈಲಟ್‌ಗಳೂ ನೌಕರರೂ ಪ್ರಯಾಣಿಕರ ಹಾಗೇ ತಪಾಸಣೆಗೆ ನಿಲ್ಲಬೇಕು, ಕೆಲಸ ಬಿಟ್ಟವರ ಕಾರ್ಡು ತಕ್ಷಣ ವಾಪಸ್ ಬರಬೇಕು ಅನ್ನುವ ನಿಯಮ ಬಂದದ್ದು ಇದರ ನಂತರವೇ. ಹಾಗಾಗಿ ನಮ್ಮ ಸಾಲಿನ ತಪಾಸಣೆ ಯಾರೋ ಕುಳಿತು ಸುಮ್ಮನೆ ಮಾಡಿದ ನಿಯಮವಲ್ಲ. ಆ 43 ಜನರನ್ನು ಮರೆತು ಮಾತಾಡುವುದು ನನಗೆ ಆಗುವುದಿಲ್ಲ.

ಪೈಲಟ್‌ಗಳೇನೂ ಇದಕ್ಕೆ ಹೊರತಲ್ಲ. 1994ರ ಏಪ್ರಿಲ್‌ನಲ್ಲಿ ಫೆಡ್‌ಎಕ್ಸ್ 705 ಸರಕು ವಿಮಾನದಲ್ಲಿ ಅದೇ ಸಂಸ್ಥೆಯ ಫ್ಲೈಟ್ ಇಂಜಿನಿಯರ್ (ಕಾಕ್‌ಪಿಟ್‌ನಲ್ಲೇ ಕೂತು ಯಂತ್ರಗಳನ್ನು ನೋಡಿಕೊಳ್ಳುವವನು) ಒಬ್ಬ, ಗಿಟಾರ್ ಪೆಟ್ಟಿಗೆಯೊಳಗೆ ಸುತ್ತಿಗೆಗಳನ್ನೂ ಮೀನು ಹೊಡೆಯುವ ಗನ್ನನ್ನೂ ಇಟ್ಟುಕೊಂಡು ಬಂದು, ಹಾರುತ್ತಿರುವಾಗಲೇ ಮೂವರು ಸಹೋದ್ಯೋಗಿಗಳ ತಲೆಗೆ ಹೊಡೆದ. ಆ ಮೂವರು ತಲೆ ಒಡೆದಿದ್ದರೂ ಹೋರಾಡಿ ವಿಮಾನವನ್ನು ಇಳಿಸಿದರು. ಯೂನಿಫಾರ್ಮ್ ನೋಡಿ ನಂಬಿದರೆ ಏನಾಗಬಹುದು ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾ?

ಇನ್ನೊಂದು ಕಾರಣ ಇದೆ, ಅದನ್ನು ನಮ್ಮ ಜನ ಜಾಸ್ತಿ ಹೇಳುವುದಿಲ್ಲ. ನಾನು ಒಳ್ಳೆಯವನೇ ಇರಬಹುದು, ಆದರೆ ಯಾರೋ ನನ್ನ ಮನೆಯವರನ್ನು ಒತ್ತೆ ಇಟ್ಟುಕೊಂಡು "ಈ ಪೊಟ್ಟಣ ಒಳಗೆ ದಾಟಿಸು" ಅಂದರೆ? ಪೈಲಟ್‌ಗೆ ತಪಾಸಣೆಯೇ ಇಲ್ಲ ಅಂತ ಲೋಕಕ್ಕೆಲ್ಲ ಗೊತ್ತಿದ್ದರೆ, ಪೊಟ್ಟಣ ದಾಟಿಸಬೇಕಾದವರು ಮೊದಲು ಬರುವುದು ನಮ್ಮ ಬಾಗಿಲಿಗೇ. ತಪಾಸಣೆ ಇದೆ ಅನ್ನೋದು ನಮಗೂ ಒಂದು ರಕ್ಷಣೆ. ನನ್ನ ಮಟ್ಟಿಗೆ ಬೇರೆ ಯಾವ ಕಾರಣಕ್ಕಿಂತ ಇದು ದೊಡ್ಡದು.

ಹಾಗಾದರೆ ಬೇಸರ ಯಾಕೆ ಅಂತೀರಾ? 2015ರ ಮಾರ್ಚ್ 24ಕ್ಕೆ ಬನ್ನಿ. ಜರ್ಮನಿಯ ಜರ್ಮನ್‌ವಿಂಗ್ಸ್ ಸಂಸ್ಥೆಯ 9525 ವಿಮಾನದ ಕ್ಯಾಪ್ಟನ್ ಕಾಕ್‌ಪಿಟ್‌ನಿಂದ ಹೊರಗೆ ಹೋದಾಗ ಕೋ-ಪೈಲಟ್ ಒಳಗಿನಿಂದ ಬಾಗಿಲು ಭದ್ರ ಮಾಡಿಕೊಂಡು ವಿಮಾನವನ್ನು ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿಬಿಟ್ಟ. 150 ಜನ ಸತ್ತರು. ಅವನು ಆಯುಧ ಅಂತ ಏನನ್ನೂ ತಂದಿರಲಿಲ್ಲ. ಅವನಿಗೆ ಕೆಲಸಕ್ಕೆ ಹೋಗಬೇಡ ಅಂತ ವೈದ್ಯರು ಬರೆದುಕೊಟ್ಟಿದ್ದರು, ಆ ಚೀಟಿ ಸಂಸ್ಥೆಯ ಕೈಗೆ ತಲುಪಿರಲಿಲ್ಲ. 2001ರ ಸೆಪ್ಟೆಂಬರ್ 11ರ ನಂತರ ಹೊರಗಿನವರನ್ನು ತಡೆಯಲೆಂದು ಗಟ್ಟಿ ಮಾಡಿದ ಬಾಗಿಲು, ಅವತ್ತು ಕ್ಯಾಪ್ಟನ್‌ರನ್ನೇ ತಡೆಯಿತು. ಆ ಘಟನೆಯನ್ನು ಯಾವ ಎಕ್ಸ್‌ರೇ ಯಂತ್ರ ತಡೆಯುತ್ತಿತ್ತು? ಪೈಲಟ್ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಎರಡೇ: ತಾನು ಇಂಥವನು ಅಂತ ಹೇಳಿಕೊಳ್ಳುತ್ತಿರುವ ಮನುಷ್ಯನೇ ಇವನಾ, ಇವತ್ತೂ ಕೆಲಸದಲ್ಲಿದ್ದಾನಾ? ಇವನು ಇವತ್ತು ವಿಮಾನ ಓಡಿಸುವ ಸ್ಥಿತಿಯಲ್ಲಿ ಇದ್ದಾನಾ? ನನ್ನ ಸ್ಕ್ರೂಡ್ರೈವರ್ ಬಗ್ಗೆ ಮೂರು ಜನ ಸೇರಿ ಚರ್ಚೆ ಮಾಡಿದರಲ್ಲ, ಆ ಹೊತ್ತಿನಲ್ಲಿ ನನ್ನ ಐಡಿ ಕಾರ್ಡನ್ನು ಯಾರೂ ಸರಿಯಾಗಿ ನೋಡಲಿಲ್ಲ.

ಮೊದಲ ಪ್ರಶ್ನೆಗೆ ಅಮೆರಿಕದಲ್ಲಿ ಒಂದು ದಾರಿ ಮಾಡಿದರು. 2010ರಲ್ಲಿ ಅಲ್ಲಿ ಪೂರ್ತಿ ಮೈ ತೋರಿಸುವ ಸ್ಕ್ಯಾನರ್ ಬಂದಾಗ ಪೈಲಟ್‌ಗಳ ಸಂಘಗಳು ಜೋರಾಗಿ ವಿರೋಧ ಮಾಡಿದವು. ವಿಕಿರಣದ ಭಯ ಅನ್ನೋದು ಅದರಲ್ಲಿ ಒಂದು ಕಾರಣ. (ಆ ವಾದ ನನಗೆ ಅಷ್ಟು ಒಪ್ಪಿಗೆ ಇಲ್ಲ. ಎತ್ತರದಲ್ಲಿ ಹಾರುವಾಗ ಬಾಹ್ಯಾಕಾಶದಿಂದ ನಮ್ಮ ಮೈಗೆ ಬೀಳುವ ವಿಕಿರಣದ ಮುಂದೆ ಆ ಸ್ಕ್ಯಾನರಿನದು ತೀರಾ ಕಡಿಮೆ.) ಗಲಾಟೆಯ ನಂತರ, 2011ರಲ್ಲಿ, ನೋನ್ ಕ್ರೂಮೆಂಬರ್, ಅಂದರೆ ಗುರುತಿರುವ ಸಿಬ್ಬಂದಿ, ಅನ್ನುವ ವ್ಯವಸ್ಥೆ ಶುರುವಾಯಿತು. ಪೈಲಟ್ ಬೇರೆ ಬಾಗಿಲಿಗೆ ಹೋಗುತ್ತಿದ್ದ, ಕಾರ್ಡ್ ತೋರಿಸುತ್ತಿದ್ದ, ಇವನು ಇವತ್ತಿಗೂ ಆ ಸಂಸ್ಥೆಯ ನೌಕರನಾ ಅಂತ ಕಂಪ್ಯೂಟರಿನಲ್ಲಿ ನೋಡಿ, ಫೋಟೋ ತಾಳೆ ಹಾಕಿ ಬಿಡುತ್ತಿದ್ದರು. ಆದರೆ ಮಧ್ಯೆ ಮಧ್ಯೆ ಯಾರನ್ನು ಬೇಕಾದರೂ ಆರಿಸಿ ಪೂರ್ತಿ ತಪಾಸಣೆಗೆ ಕಳಿಸಬಹುದಿತ್ತು, ಯಾವಾಗ ಅಂತ ಮೊದಲೇ ಗೊತ್ತಾಗುತ್ತಿರಲಿಲ್ಲ. ಒತ್ತೆಯ ಭಯಕ್ಕೂ ಇದರಲ್ಲಿ ಉತ್ತರ ಇದೆ ಅಲ್ವಾ? 1987ರ ತೂತು ಮುಚ್ಚುವುದು ಹೀಗೆ, ಸ್ಕ್ರೂಡ್ರೈವರ್ ಕಿತ್ತುಕೊಂಡಲ್ಲ.

ಇದರಲ್ಲೂ ಲೋಪ ಇತ್ತು. ಸಣ್ಣ ವಿಮಾನ ಸಂಸ್ಥೆಗಳು ಈ ವ್ಯವಸ್ಥೆಗೆ ಬಳಸುತ್ತಿದ್ದ ಒಂದು ಹೊರಗಿನ ವೆಬ್‌ಸೈಟಿನೊಳಗೆ ನುಗ್ಗಿ ಇಲ್ಲದ ಮನುಷ್ಯನನ್ನೂ ಸಿಬ್ಬಂದಿ ಪಟ್ಟಿಗೆ ಸೇರಿಸಬಹುದು ಅಂತ 2024ರಲ್ಲಿ ಇಬ್ಬರು ಸಂಶೋಧಕರು ತೋರಿಸಿದರು. ಅಷ್ಟರಿಂದಲೇ ಯಾರೂ ಒಳಗೆ ಬರಲಾಗದು ಅಂತ ಸರ್ಕಾರಿ ಸಂಸ್ಥೆ ಹೇಳಿತು. ಇರಬಹುದು. ಆದರೆ ಭದ್ರತೆಯ ಹಣ, ತಲೆ, ಶ್ರಮ ಹೋಗಬೇಕಾದದ್ದು ಇಂಥ ತೂತುಗಳ ಕಡೆಗೆ.

ಇನ್ನೊಂದು ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ತಪಾಸಣೆಯ ಮೇಜಿನ ಹಿಂದೆ ನಿಂತವರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನು ಪರೀಕ್ಷೆ ಮಾಡಲು ನಕಲಿ ಆಯುಧ ಇಟ್ಟ ಬ್ಯಾಗುಗಳನ್ನು ಗುಟ್ಟಾಗಿ ಕಳಿಸುತ್ತಾರೆ. ಅದು ತಪ್ಪಿಹೋದರೆ ಅವರ ಕೆಲಸಕ್ಕೇ ಕುತ್ತು. ವಿವೇಚನೆಯಿಂದ ಒಂದು ಲೆನ್ಸ್ ದ್ರಾವಣವನ್ನು ಬಿಟ್ಟುಕೊಟ್ಟರೆ ಅವರನ್ನು ಯಾರೂ ಹೊಗಳುವುದಿಲ್ಲ, ಬದಲಿಗೆ ಕಾರಣ ಕೇಳುತ್ತಾರೆ. ಇಂಥ ಕೆಲಸದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಾರೆ, ನಾನಾಗಿದ್ದರೂ. ದಿನವಿಡೀ ಒಂದೇ ಪರದೆ ನೋಡುತ್ತಾ, ಬೈಗುಳ ಕೇಳುತ್ತಾ ನಿಂತಿರುವವರ ಮೇಲೆ ಕೂಗಾಡುವ ಪೈಲಟ್‌ಗಳನ್ನು ನೋಡಿದರೆ ನನಗೆ ಬೇಜಾರಾಗುತ್ತದೆ.

ಆದರೆ ಕೂಗಾಡದಿದ್ದರೂ ಮನಸ್ಸು ಕದಡುತ್ತದಲ್ಲ, ಅದು ಸಣ್ಣ ವಿಷಯವಲ್ಲ. ಹೊರಡುವ ಮುಂಚಿನ ಸುಮಾರು ಒಂದು ಗಂಟೆ ನಮಗೆ ತುಂಬಾ ಮುಖ್ಯ. ಹವಾಮಾನ ನೋಡಬೇಕು, ಇಂಧನ ಎಷ್ಟು ಅಂತ ನಿರ್ಧಾರ ಮಾಡಬೇಕು, ವಿಮಾನದ ಸುತ್ತ ನಡೆದು ಟೈರು, ಇಂಜಿನ್, ರೆಕ್ಕೆ ಕಣ್ಣಾರೆ ನೋಡಬೇಕು, ತೂಕದ ಲೆಕ್ಕ ಹಾಕಿ ಕಂಪ್ಯೂಟರಿಗೆ ತುಂಬಬೇಕು. ಒಂದು ಅಂಕಿ ತಪ್ಪಿದರೆ ರನ್‌ವೇ ಸಾಕಾಗದೆ ಹೋಗಬಹುದು. ಹಾರುವ ಮುಂಚೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕು ಅಂತ ತರಬೇತಿಯ ಮೊದಲ ದಿನಗಳಲ್ಲೇ ಹೇಳಿಕೊಡುವ ಪ್ರಶ್ನೆಗಳಿವೆ: ಕಾಯಿಲೆ ಇದೆಯಾ, ಔಷಧಿ ತಗೊಂಡಿದ್ದೀಯಾ, ಒತ್ತಡ ಇದೆಯಾ, ಮದ್ಯ ಕುಡಿದಿದ್ದೀಯಾ, ಸುಸ್ತಾಗಿದೆಯಾ, ಮನಸ್ಸು ಕೆಟ್ಟಿದೆಯಾ. ನೂರಾರು ಪ್ರಯಾಣಿಕರ ಮುಂದೆ ಕಳ್ಳನ ಹಾಗೆ ನಿಂತು ಬಂದವನು ಕೊನೆಯ ಪ್ರಶ್ನೆಗೆ ಏನಂತ ಉತ್ತರ ಕೊಡಬೇಕು? ಪ್ರಾಮಾಣಿಕವಾಗಿ "ಹೌದು, ಕೆಟ್ಟಿದೆ" ಅಂದರೆ ವಿಮಾನ ನಿಲ್ಲುತ್ತದೆ. ಹಾಗಾಗಿ ಎಲ್ಲರೂ ನುಂಗಿಕೊಂಡು, ಎರಡು ನಿಮಿಷ ಸುಮ್ಮನೆ ನಿಂತು, ತಲೆ ಸರಿಮಾಡಿಕೊಂಡು ಒಳಗೆ ಹೋಗುತ್ತಾರೆ. ಆ ಎರಡು ನಿಮಿಷವನ್ನು ನಾನು ಯಾವತ್ತೂ ಬಿಟ್ಟಿಲ್ಲ, ಹೊಸದಾಗಿ ಬಂದ ಫಸ್ಟ್ ಆಫೀಸರ್‌ಗಳಿಗೂ (ಕೋ-ಪೈಲಟ್‌ಗಳಿಗೂ) ಬಿಡಬೇಡಿ ಅಂತ ಹೇಳುತ್ತೇನೆ, ಹೊರಡುವುದು ತಡವಾದರೂ ಪರವಾಗಿಲ್ಲ.

ಎರಡನೇ ಪ್ರಶ್ನೆ, ಅಂದರೆ ಪೈಲಟ್‌ನ ಮನಸ್ಸಿನ ಸ್ಥಿತಿ, ಅದಕ್ಕೆ ಯಂತ್ರ ಇಲ್ಲ. ಯುರೋಪಿನಲ್ಲಿ 2021ರಿಂದ ಪ್ರತಿ ವಿಮಾನ ಸಂಸ್ಥೆಯೂ ಪೈಲಟ್‌ಗಳಿಗೆ ಸಹೋದ್ಯೋಗಿಗಳ ನೆರವು ಸಿಗುವ ವ್ಯವಸ್ಥೆ ಇಡಲೇಬೇಕು ಅಂತ ಕಾನೂನು ಇದೆ. ಕಷ್ಟದಲ್ಲಿರುವ ಪೈಲಟ್ ಕೆಲಸ ಹೋಗುವ ಭಯ ಇಲ್ಲದೆ ಇನ್ನೊಬ್ಬ ಪೈಲಟ್ ಹತ್ತಿರ ಮಾತಾಡಲಿ ಅನ್ನುವ ಉದ್ದೇಶ. ಜರ್ಮನ್‌ವಿಂಗ್ಸ್ ದುರಂತದ ನಂತರ ಬಂದ ಬದಲಾವಣೆ ಇದು. ನನಗೆ ಇದು ಯಾವ ಸ್ಕ್ಯಾನರಿಗಿಂತಲೂ ದೊಡ್ಡ ಭದ್ರತೆ. ಎಲ್ಲಾ ದೇಶಗಳಲ್ಲೂ ಬರಲಿ.

ಅಲ್ಲಿಯವರೆಗೆ, ಸೆಕ್ಯೂರಿಟಿ ಸಾಲಿನಲ್ಲಿ ಯೂನಿಫಾರ್ಮ್ ಹಾಕಿಕೊಂಡವರು "ಸ್ವಲ್ಪ ಮುಂದೆ ಹೋಗ್ಲಾ?" ಅಂತ ಕೇಳಿದರೆ ದಯವಿಟ್ಟು ಬಿಡಿ. ತಪಾಸಣೆ ತಪ್ಪಿಸಿಕೊಳ್ಳಲು ಕೇಳುತ್ತಿಲ್ಲ. ಆ ಕಡೆ ವಿಮಾನದ ಕೆಲಸ ಕಾಯುತ್ತಿರುತ್ತದೆ.