ಕಾರ್ಮೆಲ್ ನಡಿಗೆ ನಕ್ಷೆ: ನಾಲ್ಕು ದಿನದ ಕೆಲಸ

ನಕ್ಷೆ ಅರ್ಧ ತುಂಬಿದೆ. ಕ್ಯಾಲಿಫೋರ್ನಿಯಾದ ಕಾರ್ಮೆಲ್-ಬೈ-ದ-ಸೀ ಊರಿನ ಎಲ್ಲ ಬೀದಿಗಳನ್ನೂ ನಡೆದು ನೋಡಿ, ಮನೆಗಳ ಹೆಸರು ಹಾಕಿ ಕೈಯಲ್ಲೇ ನಕ್ಷೆ ಬರೆಯಬೇಕು ಅಂತ ಹೊರಟಿದ್ದೇನೆ. ಊರು ಇರುವುದೇ ಸುಮಾರು ಒಂದು ಚದರ ಮೈಲಿ.

ಹೆಸರೇ ಯಾಕೆ ಅಂದರೆ, ಇಲ್ಲಿ ಮನೆ ನಂಬರ್ ಇಟ್ಟುಕೊಳ್ಳದೆ ನೂರು ವರ್ಷ ಕಳೆದಿದ್ದಾರೆ. ಕಾಗದ ಬೇಕಿದ್ದರೆ ಜನರೇ ಅಂಚೆ ಕಚೇರಿಗೆ ಹೋಗಿ ತರುತ್ತಾರೆ. ವಿಳಾಸ ಕೇಳಿದರೆ ‘ಟೊರೆಸ್ ಬೀದಿ, 5 ಮತ್ತು 6ನೇ ಅವೆನ್ಯೂ ನಡುವೆ’ ಅನ್ನುತ್ತಾರೆ. 2024ರಲ್ಲಿ ನಂಬರ್ ಕೊಡಲು ನಗರ ಮಂಡಳಿ ಒಪ್ಪಿತು. ಅದು ಬೇಕಾದದ್ದೇ. ಆಂಬುಲೆನ್ಸ್ ಮನೆ ಹುಡುಕುತ್ತಾ ಅಲೆಯಬಾರದು ಅಲ್ವಾ? ಆದರೆ ಗೇಟಿಗೆ ತೂಗುಬಿಟ್ಟ ಆ ಹೆಸರಿನ ಹಲಗೆಗಳು ನನ್ನ ಪುಸ್ತಕದಲ್ಲಾದರೂ ಉಳಿಯಲಿ.

ಮೊದಲ ದಿನ ದಿಕ್ಕು ಕಲಿತೆ, ಅಷ್ಟೇ. ಓಷನ್ ಅವೆನ್ಯೂ ಇಳಿಜಾರಿನಲ್ಲಿ ನೇರ ಸಮುದ್ರಕ್ಕೆ ಇಳಿಯುತ್ತದೆ. ಎಲ್ಲಿ ದಾರಿ ತಪ್ಪಿದರೂ ಇಳಿಜಾರು ಹಿಡಿದರೆ ಬಿಳಿ ಮರಳು ಸಿಗುತ್ತದೆ.

ಎರಡನೇ ದಿನ ಪೂರ್ತಿ ಟೊರೆಸ್ ಬೀದಿಯಲ್ಲೇ ಹೋಯಿತು. ಇಲ್ಲಿನ ಕಥೆಪುಸ್ತಕದಂಥ ಮನೆಗಳನ್ನು ಕಟ್ಟಿದ ಹ್ಯೂ ಕಾಮ್‌ಸ್ಟಾಕ್ ವಾಸ್ತುಶಿಲ್ಪ ಕಲಿತವನಲ್ಲ. ಅವನ ಹೆಂಡತಿ ಮಯೋಟ್ಟಾ ಬಟ್ಟೆಯ ಗೊಂಬೆ ಮಾಡುತ್ತಿದ್ದಳು. ಗೊಂಬೆ ಇಡಲು ಜಾಗ ಸಾಲದೆ 1924ರಲ್ಲಿ ಒಂದು ಪುಟ್ಟ ಮನೆ ಕಟ್ಟಿದ. ಅದೇ ಹ್ಯಾನ್ಸೆಲ್. ಪಕ್ಕದಲ್ಲೇ ಗ್ರೆಟೆಲ್ ಬಂತು. ಎರಡೂ ಜರ್ಮನ್ ಮಕ್ಕಳ ಕಥೆಯೊಂದರ ಅಣ್ಣ-ತಂಗಿಯ ಹೆಸರು. ನೋಡಿದವರು ನಮಗೂ ಇಂಥದ್ದೇ ಬೇಕು ಅಂದರು. ಹ್ಯಾನ್ಸೆಲನ್ನು ಮೊದಲು ಸ್ಕೇಲ್ ಇಟ್ಟು ಬರೆದೆ. ಚಿತ್ರಕ್ಕೆ ಜೀವವೇ ಬರಲಿಲ್ಲ. ಮತ್ತೆ ನಿಂತು ನೋಡಿದೆ. ಚಾವಣಿಯ ಅಂಚು ಬಳುಕುತ್ತದೆ, ಚಿಮಣಿಯ ಕಲ್ಲುಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಸ್ಕೇಲ್ ಚೀಲಕ್ಕೆ ಹಾಕಿ, ಬರೀ ಕೈಯಲ್ಲಿ ಮೂರು ಸಲ ಬರೆದೆ. ಮೂರನೆಯದು ಚೆನ್ನಾಗಿದೆ. ತುಂಬಾ ಖುಷಿಯಾಯಿತು.

ಮೂರನೇ ದಿನ ಸಮುದ್ರದಿಂದ ಮಂಜು ಬಂದು ಕೂತುಬಿಟ್ಟಿತು. ಜಲವರ್ಣ ಒಣಗಲೇ ಇಲ್ಲ, ಎರಡು ಪುಟ ಹಾಳಾದವು. ಇನ್ನು ಬೀದಿಯಲ್ಲಿ ಪೆನ್ಸಿಲ್ ಮಾತ್ರ, ಬಣ್ಣ ಕೋಣೆಗೆ ಹೋದ ಮೇಲೆ. ಅವತ್ತು ಸುಮ್ನೆ ಮರಗಳನ್ನು ಗುರುತು ಹಾಕಿದೆ. ಇಲ್ಲಿ ಮರಕ್ಕಾಗಿ ರಸ್ತೆಯೇ ಪಕ್ಕಕ್ಕೆ ಸರಿಯುತ್ತದೆ. ಬೇರುಗಳು ನೆಲವನ್ನು ಎತ್ತಿರುತ್ತವೆ, ಮನೆಗಳಿರುವ ಬೀದಿಗಳಲ್ಲಿ ಬೀದಿದೀಪವೂ ಇಲ್ಲ. ಎರಡು ಇಂಚಿಗಿಂತ ಎತ್ತರದ ಚೂಪು ಹೀಲ್ಸ್ ಹಾಕಲು ಪರವಾನಗಿ ಬೇಕು ಅಂತ 1963ರಲ್ಲಿ ಕಾನೂನು ಮಾಡಿದ್ದು ಇದಕ್ಕೇ. ಎರಡು ಸಲ ಎಡವಿದ ಮೇಲೆ ಆ ಕಾನೂನು ನನಗೆ ಸರಿ ಅನ್ನಿಸಿತು.

ಇವತ್ತು ಸೀನಿಕ್ ರೋಡ್ ಹಿಡಿದು ದಕ್ಷಿಣಕ್ಕೆ ನಡೆದೆ. ಬಲಕ್ಕೆ ಸಮುದ್ರ, ಗಾಳಿಗೆ ಬಾಗಿದ ಸೈಪ್ರೆಸ್ ಮರಗಳು. ಊರಿನ ಗಡಿ ದಾಟಿದರೆ ಕವಿ ರಾಬಿನ್ಸನ್ ಜೆಫರ್ಸ್ ಅವರ ಟಾರ್ ಹೌಸ್. ಮನೆ ಕಟ್ಟುವಾಗ ಗಾರೆಯವರ ಜೊತೆ ನಿಂತು ಕಲ್ಲುಕೆಲಸ ಕಲಿತರು. ಆಮೇಲೆ ಹೆಂಡತಿ ಊನಾಗಾಗಿ ಹಾಕ್ ಟವರ್ ಅನ್ನುವ ಗೋಪುರವನ್ನು ಒಬ್ಬರೇ ಕಟ್ಟಿದರು. ಕೆಳಗಿನ ದಡದಿಂದ ಗ್ರಾನೈಟ್ ಗುಂಡುಕಲ್ಲುಗಳನ್ನು ಮೇಲಕ್ಕೆ ಉರುಳಿಸಿ ತಂದು, ವರ್ಷಗಟ್ಟಲೆ! ಮೊದಲೇ ಬುಕ್ ಮಾಡಿದವರಿಗೆ ಮಾತ್ರ ಒಳಗೆ ಪ್ರವೇಶ. ನಾನು ಮಾಡಿರಲಿಲ್ಲ. ರಸ್ತೆಯಿಂದಲೇ ಗೋಪುರ ಬರೆದುಕೊಂಡೆ. ಆ ಕಲ್ಲುಗಳ ಭಾರ ಪೆನ್ಸಿಲ್‌ಗೆ ಇನ್ನೂ ಸಿಕ್ಕಿಲ್ಲ.

ಊರಿನ ಗಡಿಯಾಚೆ ಆದ್ದರಿಂದ ಇಲ್ಲಿ ಮನೆಗೆ ನಂಬರ್ ಇದೆ, 26304. ನಾಲ್ಕು ದಿನದಲ್ಲಿ ನಕ್ಷೆಗೆ ಬಂದ ಮೊದಲ ನಂಬರ್. ಹೆಸರಿನ ಕೆಳಗೆ ಸಣ್ಣದಾಗಿ ಬರೆದಿದ್ದೇನೆ. ಕಾಸನೋವಾ, ಕ್ಯಾಮಿನೋ ರಿಯಲ್, ಕಾರ್ಮೆಲೋ ಬೀದಿಗಳು ಬಾಕಿ. ಮಂಜು ಇಲ್ಲದಿದ್ದರೆ ನಾಳೆ ಬೆಳಗ್ಗೆ ಕಾಸನೋವಾದಿಂದ ಶುರು.