ಕಾಫಿಯನ್ನೇ ಐಸ್ ಮಾಡಿದ ಬೇಸಿಗೆ

ಜುಲೈ ತಿಂಗಳ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ನಿಂತು ಬಿಸಿ ಕಾಫಿ ಕುಡಿಯೋಕೆ ಆಗೋದಿಲ್ಲ. ಬಾಸ್ಟನ್ ಪಕ್ಕದ ವಾಲ್ಥಮ್‌ನಲ್ಲಿ, ಮರದ ಹಳೇ ಮನೆಯೊಂದರ ಮೂರನೇ ಅಂತಸ್ತು ನಮ್ಮದು. ಒಂದರ ಮೇಲೊಂದು ಮೂರು ಸಂಸಾರ ಇರೋ ಇಂಥ ಮನೆಗಳಿಗೆ ಇಲ್ಲಿ ಟ್ರಿಪಲ್ ಡೆಕರ್ ಅಂತಾರೆ. ಬೇಸಿಗೆಯಲ್ಲಿ ಕೆಳಗಿನ ಎರಡು ಮನೆಗಳ ಸೆಕೆಯೂ ಮೇಲೇರಿ ನಮ್ಮ ಮನೆಗೇ ಬಂದು ಕೂರುತ್ತೆ. ಕಿಟಕಿಗೆ ಸಿಕ್ಕಿಸಿದ ಎಸಿ ಇರೋದು ಮಲಗೋ ಕೋಣೆಗೆ ಮಾತ್ರ. ಊರಲ್ಲಿರೋರು 'ಅಮೆರಿಕದಲ್ಲಿ ಸೆಕೆನಾ?' ಅಂತ ಕೇಳ್ತಾರೆ. ಮಂಗಳೂರಿನ ಮೇ ತಿಂಗಳನ್ನ ನೆನೆಸಿಕೊಳ್ಳಿ, ಅಷ್ಟು ಸಾಕು.

ಐಸ್ ಹಾಕಿದ ಕಾಫಿ ಅಂದ್ರೆ ಈ ಊರಿನವರಿಗೆ ಪ್ರಾಣ. ಜನವರಿಯಲ್ಲಿ ಮೊಣಕಾಲುದ್ದ ಹಿಮ ಬಿದ್ದಿರುವಾಗಲೂ ಕೈಗವಸು ಹಾಕಿಕೊಂಡು ಐಸ್ ಕಾಫಿ ಹಿಡಿದು ಹೋಗೋರನ್ನ ನೋಡಿದ್ದೀನಿ. ಮಿಕ್ಸಿಗೆ ಹಾಕಿ ತಿರುವಿದ ಕಾಫಿಯ ಕಥೆಯಂತೂ ಇಲ್ಲಿಯದೇ. ಐಸ್‌ಕ್ರೀಮ್ ಹಾಕಿ ತಿರುವಿದ ದಪ್ಪ ಹಾಲಿಗೆ ಈ ಕಡೆಯ ಹಳಬರು ಹೇಳೋದು 'ಫ್ರ್ಯಾಪ್'. ಹಳೇ ಐಸ್‌ಕ್ರೀಮ್ ಅಂಗಡಿಯಲ್ಲಿ ಮಿಲ್ಕ್‌ಶೇಕ್ ಕೇಳಿದರೆ ಐಸ್‌ಕ್ರೀಮ್ ಇಲ್ಲದ, ಬರೀ ಸಿಹಿ ಪಾಕ ಕಲಸಿದ ಹಾಲು ಬರುತ್ತೆ. ನನಗೆ ಮೊದಲ ವರ್ಷ ಹಾಗೇ ಬಂತು. ಹಾರ್ವರ್ಡ್ ಸ್ಕ್ವೇರ್‌ನಲ್ಲಿ ಶುರುವಾಗಿದ್ದ ಕಾಫಿ ಕನೆಕ್ಷನ್ ಅನ್ನೋ ಅಂಗಡಿಯವರು ಈ ಫ್ರ್ಯಾಪ್ ಪದಕ್ಕೆ ಕ್ಯಾಪುಚಿನೋ ಸೇರಿಸಿ ಫ್ರಾಪುಚಿನೋ ಅಂತ ಹೆಸರಿಟ್ಟರು. 1994ರಲ್ಲಿ ಸ್ಟಾರ್‌ಬಕ್ಸ್ ಆ ಅಂಗಡಿಗಳನ್ನ ಕೊಂಡುಕೊಂಡಿತು. 1995ರ ಬೇಸಿಗೆಗೆ ಆ ಹೆಸರು ದೇಶವೆಲ್ಲ ಹರಡಿತು. ಬೆಂಗಳೂರಿನ ಮಾಲ್‌ಗಳಲ್ಲಿ ಇವತ್ತು ನೀವು ಕುಡಿಯೋದರ ಮೂಲ ನಮ್ಮ ಮನೆಯಿಂದ ಬಸ್ಸು ಹೋಗುವಷ್ಟು ದೂರದಲ್ಲಿದೆ.

ಆದರೆ ಅಂಗಡಿಯ ಆ ಲೋಟದಲ್ಲಿ ನನಗೆ ಕಾಫಿಯೇ ಸಿಗೋದಿಲ್ಲ. ಸಕ್ಕರೆ ಸಿಗುತ್ತೆ, ಕೆನೆ ಸಿಗುತ್ತೆ, ತಣ್ಣಗಿರುತ್ತೆ. ಮೂಡಿಗೆರೆ ಕಡೆ ಕಾಫಿ ತೋಟದ ನಡುವೆ ಬೆಳೆದ ನಾಲಿಗೆಗೆ ಅದು ಸಾಲದು. ಹಾಗಾಗಿ ಮನೆಯಲ್ಲೇ ಮಾಡೋಣ ಅಂತ ಹೊರಟೆ.

ಮೊದಲ ಸಲ ಮಾಡಿದ ತಪ್ಪನ್ನ ಬಿಡಿಸಿ ಹೇಳ್ತೀನಿ, ನೀವು ಮಾಡಬೇಡಿ. ಆಗ ತಾನೇ ಇಳಿದ ಬಿಸಿ ಡಿಕಾಕ್ಷನ್ನು, ಹಾಲು, ಸಕ್ಕರೆ, ಒಂದು ಹಿಡಿ ಐಸ್ ಎಲ್ಲಾ ಜಾರಿಗೆ ಸುರಿದು ಮುಚ್ಚಳ ಒತ್ತಿ ಮಿಕ್ಸಿ ತಿರುಗಿಸಿದೆ. ಒಳಗಿನ ಬಿಸಿ ಗಾಳಿ ಹಿಗ್ಗಿ ಮುಚ್ಚಳವನ್ನ ಎತ್ತಿತು. ಗೋಡೆ, ಒಲೆ, ನನ್ನ ಮುಂಗೈ, ಎಲ್ಲ ಕಡೆ ಕಾಫಿ. ಕೈ ಎರಡು ದಿನ ಉರೀತು. ಬಿಸಿ ಪದಾರ್ಥವನ್ನ ಮುಚ್ಚಿದ ಜಾರಿಗೆ ಯಾವತ್ತೂ ಹಾಕಬೇಡಿ.

ಎರಡನೇ ಸಲ ಡಿಕಾಕ್ಷನ್ ಆರಿಸಿ ಮಾಡಿದೆ. ಲೋಟಕ್ಕೆ ಬಗ್ಗಿಸಿದಾಗ ಚೆನ್ನಾಗೇ ಕಾಣ್ತಿತ್ತು. ಐದು ನಿಮಿಷ ಬಿಟ್ಟು ನೋಡಿದರೆ ಮೇಲೆ ಬೆಳ್ಳಗೆ ಐಸಿನ ತರಿ ತೇಲ್ತಿದೆ, ಕೆಳಗೆ ತೆಳ್ಳಗೆ ಕಂದು ನೀರು. ಸ್ಟ್ರಾದಲ್ಲಿ ಮೊದಲು ನೀರು ಕಾಫಿ ಬಂತು, ಆಮೇಲೆ ಬಾಯಿಗೆ ಬರೀ ಐಸ್. ಅಂಗಡಿಯವರದು ಯಾಕೆ ಹೀಗೆ ಒಡೆಯೋದಿಲ್ಲ ಅಂತ ಹುಡುಕಿದಾಗ ಸಿಕ್ಕಿದ ಹೆಸರು ಜ್ಯಾಂಥನ್ ಗಮ್. ಸಕ್ಕರೆಯನ್ನ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಹುದುಗಿಸಿ ತೆಗೆಯೋ ಅಂಟು ಪುಡಿ ಅದು. ಚಿಟಿಕೆ ಹಾಕಿದರೆ ಸಾಕು, ದ್ರವ ಮಂದವಾಗಿ ಐಸಿನ ತರಿಯನ್ನ ತೇಲೋಕೆ ಬಿಡದೆ ಹಿಡಿದಿಟ್ಟುಕೊಳ್ಳುತ್ತೆ. ತಂದು ಹಾಕಿ ನೋಡಿದೆ. ಒಡೆಯಲಿಲ್ಲ ನಿಜ, ಕೈ ಸ್ವಲ್ಪ ಮುಂದಾದರೆ ಗಂಜಿಯ ಹಾಗೆ ಲೋಳೆ ಲೋಳೆ. ನಮ್ಮ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ.

ಆ ಜೂನ್‌ನಲ್ಲಿ ಅಮ್ಮ ಬಂದಳು. ತಣ್ಣಗಾದ ಕಾಫಿಯನ್ನ ಗಿಡದ ಬುಡಕ್ಕೆ ಚೆಲ್ಲೋ ಹೆಂಗಸು ಅವಳು. ಅಡುಗೆಮನೆ ಬಾಗಿಲಲ್ಲಿ ನಿಂತು ನಾನು ಮಾಡೋದನ್ನೇ ನೋಡ್ತಾ ಇದ್ದಳು.

"ಏನೇ ಇದು, ಒಳ್ಳೇ ಡಿಕಾಕ್ಷನ್ ಮಾಡಿ ಅದಕ್ಕೆ ನೀರು ಹಾಕ್ತೀಯಲ್ಲ?"

"ನೀರಲ್ಲ ಅಮ್ಮ, ಐಸು."

"ಐಸು ಏನು ಬೆಣ್ಣೆಯಿಂದ ಮಾಡಿದ್ದಾ? ಕರಗಿದರೆ ನೀರೇ ತಾನೆ. ಹಾಕಲೇಬೇಕು ಅಂದ್ರೆ ಕಾಫೀನೇ ಐಸ್ ಮಾಡು."

ಅಷ್ಟು ಹೇಳಿ ಅವಳು ಸೊಪ್ಪು ಬಿಡಿಸೋಕೆ ಹೋದಳು. ಅಲ್ಲಿಂದ ನನ್ನ ಕಾಫಿ ಸರಿಹೋಯ್ತು.

ಈಗ ಮಾಡೋ ರೀತಿ ಹೀಗೆ. ಫಿಲ್ಟರ್‌ಗೆ ಆರು ದೊಡ್ಡ ಚಮಚ ಪುಡಿ ಹಾಕಿ, ಸುಮಾರು 150 ಮಿಲಿಲೀಟರ್ ಗಟ್ಟಿ ಡಿಕಾಕ್ಷನ್ ಇಳಿಸಿಕೊಳ್ತೀನಿ. ಮೊದಲನೇ ಡಿಕಾಕ್ಷನ್ನೇ ಆಗಬೇಕು. ಅದು ಬಿಸಿಯಾಗಿರುವಾಗಲೇ ನಾಲ್ಕು ದೊಡ್ಡ ಚಮಚ ಸಕ್ಕರೆ ಕರಗಿಸ್ತೀನಿ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗುತ್ತೆ, ಹಾಗಾಗಿ ದಿನದ ಕಾಫಿಗಿಂತ ಒಂದು ಕೈ ಮುಂದೆ ಇರಲಿ. ಅಷ್ಟೇ ಅಳತೆಯ ಗಟ್ಟಿ ಹಾಲು ಸೇರಿಸಿ, ಪೂರ್ತಿ ಆರಿದ ಮೇಲೆ ಐಸ್ ಟ್ರೇಗೆ ಹೊಯ್ದು ರಾತ್ರಿಯಿಡೀ ಫ್ರೀಜರ್‌ನಲ್ಲಿಡ್ತೀನಿ.

ಸಕ್ಕರೆಯನ್ನ ಐಸಿನೊಳಕ್ಕೇ ಸೇರಿಸೋದರಲ್ಲಿ ಇನ್ನೊಂದು ಅನುಕೂಲ ಇದೆ. ಸಿಹಿ ಇರೋ ನೀರು ಬೇಗ ಹೆಪ್ಪುಗಟ್ಟೋದಿಲ್ಲ, ಗಟ್ಟಿದರೂ ಕಲ್ಲಾಗೋದಿಲ್ಲ. ಟ್ರೇಯಿಂದ ಒಂದು ತುಂಡು ತೆಗೆದು ಬೆರಳಲ್ಲಿ ಒತ್ತಿ ನೋಡಿ. ಬರೀ ನೀರಿನ ಐಸು ಗಾಜಿನ ಹಾಗೆ ಜಾರುತ್ತೆ. ಇದು ಮಂಕಾಗಿ ಮಣ್ಣಿನ ಬಣ್ಣಕ್ಕಿರುತ್ತೆ, ಒತ್ತಿದ ಕಡೆ ಬೆರಳಿಗೆ ಸ್ವಲ್ಪ ಅಂಟುತ್ತೆ, ಉಗುರು ಊರಿದರೆ ಪುಡಿ ಉದುರುತ್ತೆ. ಮಿಕ್ಸಿಯ ಬ್ಲೇಡಿಗೂ ಸುಖ. ನಮ್ಮದು ಇಲ್ಲಿನ 110 ವೋಲ್ಟ್‌ಗೆ ಅಂತಲೇ ಮಾಡಿದ ಭಾರತದ ಮಿಕ್ಸಿ. ಊರಿಂದ ತಂದ 230 ವೋಲ್ಟ್‌ನದನ್ನ ಇಲ್ಲಿ ಹಾಗೇ ಸಿಕ್ಕಿಸಿದರೆ ಚಟ್ನಿಗೂ ಶಕ್ತಿ ಸಾಲದೆ ನರಳುತ್ತೆ.

ಮಾರನೇ ದಿನ ಜಾರಿಗೆ ಮೊದಲು 180 ಮಿಲಿಲೀಟರ್ ತಣ್ಣನೆ ಹಾಲು, ಎರಡು ಚಮಚ ಹಾಲಿನ ಪುಡಿ, ಹರಳುಪ್ಪಿನ ಒಂದೇ ಒಂದು ಕಾಳು. ಆಮೇಲೆ ಹತ್ತು ಕಾಫಿ ಐಸ್ ತುಂಡು. ದ್ರವ ಕೆಳಗಿದ್ದರೆ ಬ್ಲೇಡ್ ಸಲೀಸಾಗಿ ತಿರುಗಿ ಐಸನ್ನ ಒಳಕ್ಕೆ ಎಳೆದುಕೊಳ್ಳುತ್ತೆ. ಐಸ್ ಮೊದಲು ಹಾಕಿದರೆ ಅಡಿಯಲ್ಲೇ ಸಿಕ್ಕಿಕೊಳ್ಳುತ್ತೆ. ಬಿಟ್ಟು ಬಿಟ್ಟು ಏಳೆಂಟು ಸಲ ತಿರುವಿ. ಮೊದಲು ಕಟಕಟ ಅನ್ನುತ್ತೆ, ಆಮೇಲೆ ಗರಗರ, ಕೊನೆಗೆ ದೋಸೆ ಹಿಟ್ಟು ರುಬ್ಬಿದ ಹಾಗೆ ಮೆತ್ತನೆ ಸದ್ದು. ಅಲ್ಲಿಗೆ ನಿಲ್ಲಿಸಿ. ಇನ್ನೂ ತಿರುವಿದರೆ ಬ್ಲೇಡಿನ ಬಿಸಿಗೇ ಕರಗಿಹೋಗುತ್ತೆ. ಎರಡು ಲೋಟ ಆಗುತ್ತೆ. ಹಾಲಿನ ಪುಡಿ ಇರೋದರಿಂದ ಜ್ಯಾಂಥನ್ ಗಮ್ ಬೇಕೇ ಆಗೋದಿಲ್ಲ. ಕರಗಿದರೂ ಕರಗೋದು ಕಾಫಿಯೇ ಆದ್ದರಿಂದ ಕಡೇ ಗುಟುಕಿನ ತನಕ ರುಚಿ ಹಾಗೇ ಇರುತ್ತೆ.

ಪುಡಿಯ ವಿಷಯ. ಊರಿಂದ ಬಂದ ಪುಡಿ ಮುಗಿದಾಗ ಇಲ್ಲಿನ ನಮ್ಮವರು ಹಳದಿ ಡಬ್ಬಿಯ ಕೆಫೆ ದು ಮಾಂಡ್ ತರ್ತಾರೆ. ನ್ಯೂ ಆರ್ಲಿಯನ್ಸ್ ಊರಿನ ಚಿಕೋರಿ ಬೆರೆಸಿದ ಕಾಫಿ ಅದು. ಚಿಕೋರಿ ಅಲ್ಲಿಗೆ ಬಂದಿದ್ದು ಫ್ರೆಂಚರ ರೂಢಿಯಿಂದ. 1861ರಿಂದ 1865ರ ಅಂತರ್ಯುದ್ಧದಲ್ಲಿ ಬಂದರು ಮುಚ್ಚಿ ಕಾಫಿ ಬರೋದು ನಿಂತಾಗ ಆ ರೂಢಿ ಇನ್ನೂ ಬೇರೂರಿತು. ನಮ್ಮ ಫಿಲ್ಟರ್‌ಗೆ ಪುಡಿ ಸ್ವಲ್ಪ ತರಿ, ಮಿಕ್ಸಿಯಲ್ಲಿ ಒಂದು ಸುತ್ತು ತಿರುವಿಕೊಳ್ಳಬೇಕು. ಐಸ್ ಕಾಫಿಗಂತೂ ಚಿಕೋರಿ ಇರಲೇಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಬರೀ ಅರೇಬಿಕಾದ ಪರಿಮಳ ಚಳಿಯಲ್ಲಿ ಅಡಗಿಬಿಡುತ್ತೆ. ಚಿಕೋರಿಯ ಆ ಸುಟ್ಟ ಬೆಲ್ಲದಂಥ ಕಹಿ ಮಾತ್ರ ಹಾಲು, ಐಸ್ ಎಲ್ಲ ದಾಟಿ ಬಂದು ನಾಲಿಗೆಗೆ ತಾಗುತ್ತೆ.

ನೆಲಮಹಡಿಯ ಗ್ರೀಕ್ ಅಜ್ಜಿಗೆ ಒಂದು ಲೋಟ ಕೊಟ್ಟು ಬಂದೆ. ಮಾರನೇ ದಿನ ಅವರು ಅಮ್ಮನನ್ನ ಕರೆದು ಕೂರಿಸಿ ತಮ್ಮೂರಿನ ಫ್ರಾಪೆ ಮಾಡಿ ತೋರಿಸಿದರು. ಇನ್‌ಸ್ಟಂಟ್ ಕಾಫಿ, ಸಕ್ಕರೆ, ಎರಡು ಚಮಚ ನೀರು, ಮುಚ್ಚಳ ಇರೋ ಡಬ್ಬಿಯಲ್ಲಿ ಹಾಕಿ ಕುಲುಕೋದು, ಅಷ್ಟೇ. 1957ರಲ್ಲಿ ಥೆಸಲೋನಿಕಿಯ ಜಾತ್ರೆಯಂಥ ವ್ಯಾಪಾರ ಮೇಳದಲ್ಲಿ ಹುಟ್ಟಿದ ಪಾನೀಯವಂತೆ. ಇನ್‌ಸ್ಟಂಟ್ ಪುಡಿಯಲ್ಲಿ ಎಣ್ಣೆಯ ಅಂಶ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ, ಅದಕ್ಕೇ ನೊರೆ ಬೆರಳುದ್ದ ಬಂದು ಹಾಗೇ ನಿಲ್ಲುತ್ತೆ. ನಮ್ಮ ಡಿಕಾಕ್ಷನ್‌ಗೆ ಆ ನೊರೆ ಬರೋದಿಲ್ಲ. ಅಮ್ಮ ಇಡೀ ಲೋಟ ಕುಡಿದು, ಮೆಟ್ಟಿಲು ಹತ್ತುವಾಗ ನನ್ನ ಕಿವಿಯಲ್ಲಿ, "ನೊರೆ ಚೆನ್ನಾಗಿದೆ ಕಣೇ, ಕಾಫಿ ನಮ್ಮದು ವಾಸಿ" ಅಂದಳು.

ಅಕ್ಟೋಬರ್‌ನಲ್ಲಿ ಎಲೆ ಕೆಂಪಾಗೋ ಹೊತ್ತಿಗೆ ಅವಳು ಹೊರಟಳು. ಹೋಗುವಾಗ ಪೆಟ್ಟಿಗೆಯಲ್ಲಿ ಎರಡು ಸಿಲಿಕೋನ್ ಐಸ್ ಟ್ರೇ ಇಟ್ಟುಕೊಂಡಿದ್ದು ನಾನು ಗಮನಿಸಿರಲಿಲ್ಲ.

ಮಾರ್ಚ್ ಕೊನೆಯಲ್ಲಿ ಫೋನ್ ಬಂತು. ಹೂಮಳೆ ಚೆನ್ನಾಗಿ ಬಿದ್ದು ತೋಟವೆಲ್ಲ ಬೆಳ್ಳಗಾಗಿದೆಯಂತೆ, ಮಲ್ಲಿಗೆಯಂಥ ವಾಸನೆ ಮನೆಯೊಳಗೂ ಬರ್ತಿದೆಯಂತೆ. ಹೂ ನೋಡೋಕೆ ಚಿಕ್ಕಮ್ಮನ ಮನೆಯವರು ಬಂದಿದ್ದರು, ಸೆಕೆ ಅಂತ ಅವರಿಗೆ ಕಾಫಿ ಐಸ್ ಮಾಡಿ ಕೊಟ್ಟೆ ಅಂದಳು.

"ಮಿಕ್ಸಿಗೆ ಹಾಕೋ ಹೊತ್ತಿಗೆ ಕರೆಂಟು ಹೋಯ್ತು. ಒರಳಲ್ಲಿ ಕುಟ್ಟಿದೆ. ಚೆನ್ನಾಗೇ ಬಂತು. ಉಪ್ಪು ಎಷ್ಟು ಅಂದಿದ್ದೆ ನೀನು, ಒಂದೇ ಕಾಳಾ?"