ಅಟ್ಟದ ಮೇಲಿನ ಟ್ರಂಕಿನಲ್ಲಿದ್ದ ಪತ್ರ

"ನಾನು ಹುಟ್ಟಿದ್ದೇ ಅಲ್ಲಿ. ಪಾಸ್‌ಪೋರ್ಟೂ ಅಲ್ಲಿಯದೇ. ಆದ್ರೂ ನೀನು ಇಲ್ಲಿಯವಳು ಅನ್ನೋದಕ್ಕೆ ದಾಖಲೆ ಕೊಡು ಅಂತಿದಾರೆ ಮಾವ."

ಅಕ್ಕನ ಮಗಳು ಇದನ್ನು ಹೇಳಿದ್ದು 2025ರ ಜುಲೈನಲ್ಲಿ, ಕುಮಟಾದ ನಮ್ಮ ಮನೆ ಜಗಲಿಯಲ್ಲಿ ಕೂತು. ಹೊರಗೆ ಬೆಳಗಿನಿಂದ ಒಂದೇ ಸಮನೆ ಮಳೆ. ಕರೆಂಟ್ ಹೋಗುವುದು, ಬರುವುದು, ಮತ್ತೆ ಹೋಗುವುದು. ಲ್ಯಾಪ್‌ಟಾಪಿನಲ್ಲಿ ಉಳಿದ ಚಾರ್ಜಿನಲ್ಲಿ ಅವಳು ಇಂಗ್ಲೆಂಡಿನಿಂದ ಬಂದಿದ್ದ ಆ ಇಮೇಲನ್ನು ನನಗೆ ಎರಡು ಸಲ ಓದಿ ಹೇಳಿದಳು. ಎರಡನೇ ಸಲ ಓದುವಾಗ ಅವಳ ದನಿ ಸಣ್ಣಗಾಗಿತ್ತು.

ಭಾವ 2004ರಲ್ಲಿ ಇಂಗ್ಲೆಂಡಿನ ರೆಡಿಂಗ್‌ಗೆ ಹೋದವರು. ಅಲ್ಲೇ ಮನೆ ತೆಗೆದುಕೊಂಡರು, ಮಕ್ಕಳಿಬ್ಬರೂ ಅಲ್ಲೇ ಹುಟ್ಟಿದರು, ಮನೆಮಂದಿಗೆಲ್ಲ ಅಲ್ಲಿಯ ಪೌರತ್ವ ಆಯಿತು. 2019ರಲ್ಲಿ ಕಂಪನಿಯವರು ಎರಡು ವರ್ಷಕ್ಕೆ ಅಂತ ದುಬೈಗೆ ಕಳಿಸಿದರು. ಎರಡು ಹೋಗಿ ನಾಲ್ಕಾಯಿತು, ನಾಲ್ಕು ಹೋಗಿ ಆರಾಯಿತು. ರೆಡಿಂಗ್ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಕೂಸು, ಅಂದರೆ ಈ ಅಕ್ಕನ ಮಗಳು, ದುಬೈಯಲ್ಲೇ ಬ್ರಿಟಿಷ್ ಸಿಲೆಬಸ್ಸಿನ ಶಾಲೆಯಲ್ಲಿ ಓದಿ, ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಸಿವಿಲ್ ಇಂಜಿನಿಯರಿಂಗ್‌ಗೆ ಅರ್ಜಿ ಹಾಕಿದ್ದಳು. ಸೀಟೂ ಸಿಕ್ಕಿತ್ತು, ಆಗಸ್ಟ್‌ನಲ್ಲಿ ರಿಸಲ್ಟ್ ಬರಬೇಕು ಅಷ್ಟೇ. ಫೀಸಿಗೆ ಸರ್ಕಾರದ ಸಾಲ ಸಿಗುತ್ತದೆ, ಬ್ರಿಟಿಷ್ ಪಾಸ್‌ಪೋರ್ಟ್ ಇದೆಯಲ್ಲ, ಅಂತ ಎಲ್ಲರೂ ನಿಶ್ಚಿಂತೆಯಿಂದ ಇದ್ದರು.

ಇಂಗ್ಲೆಂಡಿನಲ್ಲಿ ಈ ಸಾಲ ಕೊಡುವುದು ಸ್ಟೂಡೆಂಟ್ ಫೈನಾನ್ಸ್ ಇಂಗ್ಲೆಂಡ್. ಪೂರ್ತಿ ಫೀಸನ್ನು ಅವರೇ ನೇರವಾಗಿ ಯೂನಿವರ್ಸಿಟಿಗೆ ಕಟ್ಟುತ್ತಾರೆ. ಅಪ್ಪ ಅಮ್ಮನ ಆದಾಯ ಎಷ್ಟು ಅಂತ ಫೀಸಿನ ಸಾಲಕ್ಕೆ ನೋಡುವುದಿಲ್ಲ, ಊಟ-ವಸತಿಯ ಸಾಲಕ್ಕೆ ನೋಡುತ್ತಾರೆ. ತೀರಿಸುವ ಕ್ರಮ ನಮ್ಮ ಬ್ಯಾಂಕ್ ಸಾಲದ ಹಾಗಲ್ಲ. ಕೆಲಸ ಸಿಕ್ಕಿ ವರ್ಷದ ಸಂಬಳ 25 ಸಾವಿರ ಪೌಂಡ್ ದಾಟಿದ ಮೇಲೆ, ದಾಟಿದ ಮೊತ್ತದ ಶೇ. 9ರಷ್ಟು ಕಟ್ಟುತ್ತಾ ಹೋಗಬೇಕು. 40 ವರ್ಷ ಆದಮೇಲೂ ಏನಾದರೂ ಉಳಿದಿದ್ದರೆ ಮನ್ನಾ. ಆಸ್ತಿ ಅಡವಿಡುವ ತಾಪತ್ರಯ ಇಲ್ಲ. ಇಂಥ ಸಾಲ ಕೈತಪ್ಪಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ಅಲ್ವಾ?

ಆದರೆ ಅವರು ಕೇಳುವುದು ಪಾಸ್‌ಪೋರ್ಟ್ ಒಂದನ್ನೇ ಅಲ್ಲ. ಕೋರ್ಸಿನ ಮೊದಲ ವರ್ಷ ಶುರುವಾಗುವ ದಿನ, ಅಂದರೆ ಇವಳ ಲೆಕ್ಕಕ್ಕೆ 2025ರ ಸೆಪ್ಟೆಂಬರ್ 1, ಅದಕ್ಕಿಂತ ಹಿಂದಿನ ಮೂರು ವರ್ಷ ಪೂರ್ತಿ ಬ್ರಿಟನ್ನಿನಲ್ಲೇ ವಾಸ ಇದ್ದಿರಬೇಕು. ಇವಳು ಆ ಮೂರೂ ವರ್ಷ ದುಬೈಯಲ್ಲಿ. ಅದೂ ಸಾಲದು ಅಂತ ಫೀಸಿನ ಪ್ರಶ್ನೆ ಬೇರೆ. ಅಲ್ಲಿಯ ಮಕ್ಕಳಿಗೆ ಆ ವರ್ಷದ ಗರಿಷ್ಠ ಫೀಸು 9,535 ಪೌಂಡ್, ನಮ್ಮ ಲೆಕ್ಕದಲ್ಲಿ ಹನ್ನೊಂದು ಲಕ್ಷದ ಆಸುಪಾಸು. ಹೊರದೇಶದವಳು ಅಂತ ಯೂನಿವರ್ಸಿಟಿಯವರು ತೀರ್ಮಾನ ಮಾಡಿದರೆ ಇವಳ ಕೋರ್ಸಿಗೆ 27 ಸಾವಿರ ಪೌಂಡ್. ವರ್ಷಕ್ಕೆ! ಅಕ್ಕ ಇದನ್ನು ಕೇಳಿ ಅಡುಗೆಮನೆಗೆ ಹೋದವಳು ತುಂಬಾ ಹೊತ್ತು ಹೊರಗೆ ಬರಲಿಲ್ಲ.

"ಇಲ್ಲೇ ಓದ್ಲಿ ಕೂಸು, ಇಲ್ಲಿ ಎಂತ ಕಮ್ಮಿ ಇದ್ದು?" ಅಂದಳು ಆಯಿ, ನಮ್ಮಮ್ಮ.

ಆಯಿಗೆ ಹೇಗೆ ಹೇಳುವುದು? ನಾನು ಹೈಸ್ಕೂಲೊಂದರ ಆಫೀಸಿನಲ್ಲಿ ಗುಮಾಸ್ತ. ಸಿಇಟಿ ಬಂತು ಅಂದರೆ ನನ್ನ ಟೇಬಲ್ಲಿನ ಮೇಲೆ ವ್ಯಾಸಂಗ ಪ್ರಮಾಣ ಪತ್ರಗಳ ರಾಶಿ. ಒಂದರಿಂದ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಅನ್ನುವ ನಿಯಮ ಇದೆಯಲ್ಲ, ಅದಕ್ಕೆ. ಹಳೇ ದಾಖಲಾತಿ ರಿಜಿಸ್ಟರ್ ತೆಗೆದು, ಹೆಸರು ಹುಡುಕಿ, ಬರೆದು, ಹೆಡ್‌ಮಾಸ್ತರ ಸಹಿ ಮಾಡಿಸಿ, ಬಿಇಒ ಆಫೀಸಿನ ಮೇಲುಸಹಿಗೆ ಕಳಿಸುವುದು ನನ್ನ ಕೆಲಸ. ನಮ್ಮ ಕರಾವಳಿಯಲ್ಲಿ ಭಟ್ಕಳದಿಂದ ಈಚೆ ಗಲ್ಫಿಗೆ ಹೋದವರ ಮನೆಗಳು ಎಷ್ಟಿವೆ! ಮಗ ಹತ್ತನೇ ತನಕ ಶಾರ್ಜಾದಲ್ಲಿ ಓದಿರುತ್ತಾನೆ, ಪಿಯುಸಿಗೆ ಊರಿಗೆ ಬಂದಿರುತ್ತಾನೆ. ಅಂಥವನಿಗೆ ಇರುವ ದಾರಿ ಅಂದರೆ ಎರಡು ವರ್ಷದ ಪಿಯುಸಿ ಇಲ್ಲೇ ಪಾಸಾಗಿ, ಅಪ್ಪ ಅಥವಾ ಅಮ್ಮ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದಕ್ಕೆ ದಾಖಲೆ ಕೊಡುವುದು. ಹೊನ್ನಾವರ ಕಡೆಯ ಒಬ್ಬ ತಾಯಿ ಒಮ್ಮೆ ನನ್ನೆದುರು ನಿಂತು, "ಮಗನ ಸೀಟಿಗೆ ನಾನು ಓದಿದ್ದು ಯಾಕ್ರೀ ಬೇಕು?" ಅಂತ ಕೇಳಿದ್ದರು. ಆದರೂ ಅವರ ಹೆಸರು ನಮ್ಮ ಹಳೇ ರಿಜಿಸ್ಟರಿನಲ್ಲಿ ಸಿಕ್ಕಿದಾಗ, ಅದೂ ಅವರ ಅಪ್ಪನ ಸಹಿ ಸಮೇತ, ಆ ಸಹಿಯ ಮೇಲೆ ಬೆರಳಿಟ್ಟು ಸುಮ್ನೆ ನಿಂತುಬಿಟ್ಟರು.

ನಮ್ಮ ಕೂಸು ಇಲ್ಲಿ ಒಂದು ದಿನವೂ ಶಾಲೆಗೆ ಹೋದವಳಲ್ಲ. ಸಿಇಟಿಯ ಈ ಬಾಗಿಲೂ ಅವಳಿಗಿಲ್ಲ. ಅಲ್ಲಿ ಹುಟ್ಟಿದರೂ ಅಲ್ಲಿಯವಳಲ್ಲ, ಇಲ್ಲಿಯ ರಕ್ತ ಆದರೂ ಇಲ್ಲಿಯವಳಲ್ಲ. ಹದಿನೆಂಟು ವರ್ಷದ ಹುಡುಗಿಗೆ ಇದನ್ನು ಅರಗಿಸಿಕೊಳ್ಳುವುದು ಸುಲಭ ಅಲ್ಲ.

ಮಧ್ಯಾಹ್ನ ಕರೆಂಟ್ ಬಂದಮೇಲೆ ಇಬ್ಬರೂ ಕೂತು ಇಂಗ್ಲೆಂಡಿನ ಸಾಲದ ನಿಯಮವನ್ನೇ ಓದಿದೆವು. 2011ರಲ್ಲಿ ಮಾಡಿದ ನಿಯಮಾವಳಿ ಅದು. ನನಗೆ ಇಂಥದ್ದನ್ನು ಓದುವ ಅಭ್ಯಾಸ ಇದೆ, ಸುತ್ತೋಲೆ ಓದಿ ಓದಿ ಬಂದ ಅಭ್ಯಾಸ. ಆ ಮೂರು ವರ್ಷದ ವಾಸಕ್ಕೆ ಅದರಲ್ಲಿರುವ ಶಬ್ದ 'ಸಾಮಾನ್ಯ ವಾಸ'. ಹಾಗಂದರೆ ಏನು ಅನ್ನುವುದನ್ನು, ಆಗ ಅಲ್ಲಿಯ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1982ರಲ್ಲೇ ಹೇಳಿಬಿಟ್ಟಿದೆ. ಷಾ ಅನ್ನುವ ವಿದ್ಯಾರ್ಥಿ ಬಾರ್ನೆಟ್ ಕೌನ್ಸಿಲ್ ಮೇಲೆ ಹಾಕಿದ್ದ ಕೇಸು, ಅದೂ ಓದಿನ ಹಣಕ್ಕಾಗಿಯೇ. ಲಾರ್ಡ್ ಸ್ಕಾರ್ಮನ್ ಕೊಟ್ಟ ಅರ್ಥ ಇಷ್ಟು: ನೀನಾಗೇ ಒಪ್ಪಿ, ಒಂದು ಉದ್ದೇಶ ಇಟ್ಟುಕೊಂಡು, ಸದ್ಯಕ್ಕೆ ದಿನನಿತ್ಯದ ಬದುಕು ಎಲ್ಲಿ ನಡೆಸುತ್ತಿದ್ದೀಯೋ ಅದೇ ನಿನ್ನ ಸಾಮಾನ್ಯ ವಾಸ. ಆ ಲೆಕ್ಕಕ್ಕೆ ಇವಳ ವಾಸ ದುಬೈಯೇ. ಓದಿ ಅವಳ ಮುಖ ಇನ್ನೂ ಬಾಡಿತು.

ನಿಯಮಾವಳಿಯಲ್ಲಿ ಇನ್ನೊಂದು ಸಾಲು ಇತ್ತು. ಅಪ್ಪ ಅಥವಾ ಅಮ್ಮ ತಾತ್ಕಾಲಿಕವಾಗಿ ಹೊರದೇಶದಲ್ಲಿ ಕೆಲಸದಲ್ಲಿದ್ದ ಕಾರಣಕ್ಕೆ ಮಗು ಹೊರಗಿದ್ದರೆ, ಆ ಕಾಲವನ್ನೂ ಬ್ರಿಟನ್ನಿನಲ್ಲೇ ಇದ್ದಂತೆ ಲೆಕ್ಕ ಹಿಡಿಯಬೇಕು. ಇಡೀ ವಿಷಯ ನಿಂತಿರುವುದು 'ತಾತ್ಕಾಲಿಕ' ಅನ್ನುವ ಆ ಒಂದು ಶಬ್ದದ ಮೇಲೆ.

ಭಾವನಿಗೆ ಫೋನ್ ಹಚ್ಚಿದೆವು. ಅವರ ಹತ್ತಿರ 2021ರ ವಿಸ್ತರಣೆ ಪತ್ರ ಇತ್ತು, 2023ರದ್ದೂ ಇತ್ತು. ದುಬೈಯ ಕೆಲಸದ ಕರಾರಿನಲ್ಲಿ ಅವಧಿ ಬರೆದಿದೆ, ನಿಜ. ಆದರೆ ಯುಎಇಯಲ್ಲಿ 2022ರಲ್ಲಿ ಬಂದ ಕಾನೂನಿನ ಪ್ರಕಾರ ಖಾಸಗಿ ಕೆಲಸದ ಕರಾರುಗಳಿಗೆಲ್ಲ ಅವಧಿ ಇರಲೇಬೇಕು. ಹಾಗಾಗಿ ಕರಾರಿನಲ್ಲಿ ಎರಡು ವರ್ಷ ಅಂತ ಇದ್ದ ಮಾತ್ರಕ್ಕೆ ನೀವು ವಾಪಸು ಹೋಗುವವರು ಅಂತ ಸಾಬೀತಾಗುವುದಿಲ್ಲ. ಬೇಕಾಗಿದ್ದು 2019ರಲ್ಲಿ ಹೊರಡುವಾಗ ರೆಡಿಂಗ್ ಆಫೀಸಿನವರು ಕೊಟ್ಟ ಮೊದಲನೇ ಪತ್ರ. ಎರಡು ವರ್ಷಕ್ಕೆ ಕಳಿಸುತ್ತಿದ್ದೇವೆ, ನಿಮ್ಮ ಇಲ್ಲಿಯ ಹುದ್ದೆ ಹಾಗೇ ಇರುತ್ತದೆ ಅಂತ ಬರೆದಿದ್ದ ಪತ್ರ. ಅದೇ ಇಲ್ಲ. ಕಂಪನಿಯ ಇಮೇಲ್ ವ್ಯವಸ್ಥೆ ಬದಲಾಗಿತ್ತು. ಅಲ್ಲಿಗೆ ಬರೆದು ಕೇಳಿದರೆ, ಅಷ್ಟು ಹಳೆಯದು ಸಿಗುವುದಿಲ್ಲ ಅಂತ ಒಂದು ಸಾಲಿನ ಉತ್ತರ. ಆರು ವರ್ಷ ಅಂದರೆ ಅಷ್ಟು ಹಳೆಯದಾ? ನಮ್ಮ ಶಾಲೆಯಲ್ಲಿ ಅರವತ್ತು ವರ್ಷದ ರಿಜಿಸ್ಟರ್ ಇದೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಜಪಮಣಿ ಹಿಡಿದು ಕೂತಿದ್ದ ಆಯಿ ಆಗ ಕೇಳಿದಳು. "ದುಬೈಗೆ ಹೋಪಲ್ಲಿ ಇಲ್ಲಿ ಒಂದು ಚೀಲ ಬಿಟ್ಟಿಕ್ಕಿ ಹೋಗಿದ್ರಲ?"

ಹೌದು! ಅದು 2019ರ ಆಗಸ್ಟ್, ಗಂಗಾವಳಿ ಉಕ್ಕಿ ಹರಿದು ಜಿಲ್ಲೆ ತುಂಬಾ ನೆರೆ ಬಂದ ತಿಂಗಳು. ರೆಡಿಂಗ್ ಬಿಟ್ಟು ಬಂದವರು ದುಬೈಗೆ ಹೋಗುವ ಮೊದಲು ಹತ್ತು ದಿನ ಇಲ್ಲಿದ್ದರು. ಲಗೇಜು ಜಾಸ್ತಿ ಆಯಿತು ಅಂತ ಒಂದಿಷ್ಟು ಚಳಿಬಟ್ಟೆ, ಪುಸ್ತಕ ಇಟ್ಟು ಹೋಗಿದ್ದರು.

ನಾನು ಏಣಿ ಹಾಕಿ ಅಟ್ಟ ಹತ್ತಿದೆ. ಕೂಸು ಕೆಳಗೆ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದಳು. ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಅವಳು ಹೇಳುವುದು ನನಗೆ ಕೇಳಿಸುತ್ತಿರಲಿಲ್ಲ. ಹಿತ್ತಾಳೆ ಪಾತ್ರೆಗಳ ಹಿಂದೆ ಅಪ್ಪಯ್ಯನ ಕಬ್ಬಿಣದ ಟ್ರಂಕು. ಚಿಲಕ ತುಕ್ಕು ಹಿಡಿದಿತ್ತು, ಕತ್ತಿಯ ಹಿಡಿಯಿಂದ ಎರಡು ಪೆಟ್ಟು ಕೊಟ್ಟಮೇಲೆ ಬಿಟ್ಟಿತು. ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆ ವಾಸನೆ. ಮೇಲೆ ಎರಡು ದಪ್ಪ ಕೋಟು, ಕೂಸಿನ ಸಣ್ಣ ಕೆಂಪು ಬೂಟು, ಅದರಡಿಗೆ ಕುಮಟೆಯ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕೊಟ್ಟೆ. ಆಯಿ ಅದರ ಬಾಯಿಗೆ ಬಾಳೆಪಟ್ಟೆ ಹಗ್ಗದಲ್ಲಿ ಮೂರು ಸುತ್ತು ಬಿಗಿದಿದ್ದಳು. ಒಳಗೆ ಕಾಗದಗಳ ಕಟ್ಟು. ಕೂಸಿನ ಹಳೇ ಶಾಲೆಯ ರಿಪೋರ್ಟು, ದಂತವೈದ್ಯರ ಚೀಟಿ, ಗ್ಯಾಸ್ ಬಿಲ್ಲು, ಮನೆ ಬಾಡಿಗೆಗೆ ಕೊಟ್ಟ ಕರಾರಿನ ಪ್ರತಿ. ಎಲ್ಲದಕ್ಕಿಂತ ಕೆಳಗೆ, ನಾಲ್ಕು ಮಡಿಕೆ ಆಗಿದ್ದ ಎರಡು ಹಾಳೆ.

ಒಂದು ಅಂಚಿಗೆ ತೇವ ಹತ್ತಿ ಚಹಾ ಬಣ್ಣಕ್ಕೆ ತಿರುಗಿತ್ತು. ಮಡಿಕೆ ಇದ್ದಲ್ಲಿ ಅಕ್ಷರ ಮಾಸಿತ್ತು. ಆದರೆ ತಾರೀಖು ಸ್ಪಷ್ಟ ಇತ್ತು. '24 ತಿಂಗಳು' ಇತ್ತು. 'ಅವಧಿ ಮುಗಿದ ಮೇಲೆ ರೆಡಿಂಗ್ ಕಚೇರಿಯ ಹುದ್ದೆಗೆ ಮರಳುವುದು' ಇತ್ತು. ಕೆಳಗೆ ಸಹಿ.

"ಮಾವ, ಸಿಕ್ತಾ?"

ನನಗೆ ಉತ್ತರ ಕೊಡಲು ಆಗಲಿಲ್ಲ, ಗಂಟಲು ಕಟ್ಟಿತ್ತು. ಹಾಳೆಯನ್ನೇ ಕೆಳಗೆ ಚಾಚಿದೆ.

ಸಂಜೆ ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಅಂಗಡಿಯ ಹುಡುಗ ಮಡಿಕೆಯನ್ನು ಅಂಗೈಯಲ್ಲಿ ಮೆಲ್ಲಗೆ ಒತ್ತಿ ಸರಿಮಾಡಿ, ಮೂರು ಸಲ ತೆಗೆದು, ಯಾವುದು ಚೆನ್ನಾಗಿ ಬಂದಿದೆ ನೋಡಿ ಅಂತ ತೋರಿಸಿದ. ಪತ್ರದ ಜತೆ ವಿಸ್ತರಣೆ ಪತ್ರಗಳು, ಮನೆ ಬಾಡಿಗೆ ಕರಾರು, ರೆಡಿಂಗ್ ಮನೆಯ ಸಾಲದ ಕಂತು ಇಂದಿಗೂ ಕಟ್ಟುತ್ತಿರುವ ಲೆಕ್ಕ, ಪ್ರತಿ ಬೇಸಿಗೆ ಇಂಗ್ಲೆಂಡಿಗೆ ಹೋಗಿ ಬಂದ ಟಿಕೆಟ್‌ಗಳು. ವರ್ಷವಾರು ಜೋಡಿಸಿ, ನಾವ್ಯಾಕೆ ಹೋದೆವು, ಯಾಕೆ ಎರಡು ಸಲ ಅವಧಿ ಮುಂದುವರಿಯಿತು ಅಂತ ಒಂದು ಪುಟದ ವಿವರಣೆಯನ್ನು ಕೂಸೇ ಬರೆದಳು. ನಾನು ಹೇಳಿದ್ದು ಒಂದೇ ಮಾತು, ಆರು ವರ್ಷದಲ್ಲಿ ಒಂದು ತಿಂಗಳೂ ಖಾಲಿ ಬಿಡಬೇಡ. ವ್ಯಾಸಂಗ ಪತ್ರದಲ್ಲಿ ಒಂದು ವರ್ಷ ಬಿಟ್ಟುಹೋದರೆ ಫೈಲು ವಾಪಸು ಬರುವುದನ್ನು ಎಷ್ಟು ಸಲ ನೋಡಿಲ್ಲ ನಾನು!

ಯೂನಿವರ್ಸಿಟಿಗೆ ಬೇರೆ, ಸ್ಟೂಡೆಂಟ್ ಫೈನಾನ್ಸಿಗೆ ಬೇರೆ ಕಳಿಸಬೇಕಾಯಿತು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಸ್ವದೇಶಿ ಫೀಸೋ ಹೊರದೇಶದ ಫೀಸೋ ಅಂತ ತೀರ್ಮಾನಿಸುವುದು ಯೂನಿವರ್ಸಿಟಿ. ಸಾಲ ಕೊಡುವುದೋ ಬೇಡವೋ ಅನ್ನುವುದು ಸ್ಟೂಡೆಂಟ್ ಫೈನಾನ್ಸ್‌ನವರದ್ದು. ಒಬ್ಬರು ಹೂಂ ಅಂದರೆ ಇನ್ನೊಬ್ಬರೂ ಹೂಂ ಅನ್ನಬೇಕೆಂದಿಲ್ಲ. ನಮಗೆ ಯೂನಿವರ್ಸಿಟಿಯ ಹೂಂ ಆಗಸ್ಟ್ ಮೊದಲ ವಾರ ಬಂತು. ಸಾಲದ್ದು ಬರಲು ಸೆಪ್ಟೆಂಬರ್ ಅರ್ಧ ಕಳೆಯಿತು, ಅಷ್ಟರಲ್ಲಿ ಕೂಸು ಹಾಸ್ಟೆಲ್ಲಿಗೆ ಸಾಮಾನು ಕಟ್ಟುತ್ತಿದ್ದಳು.

ಈಗ ಚಿಂತೆ ಅವಳ ತಮ್ಮನದ್ದು. ಅವನಿಗೆ ಆಗ ಹದಿಮೂರು. ಅವನು 2030ರ ಸೆಪ್ಟೆಂಬರಿಗೆ ಕಾಲೇಜಿಗೆ ಹೋಗುವವನು. ಅಷ್ಟು ಹೊತ್ತಿಗೆ ಹನ್ನೊಂದು ವರ್ಷ ಹೊರಗೆ ಕಳೆದವರನ್ನು ತಾತ್ಕಾಲಿಕ ಅಂತ ಯಾರು ನಂಬುತ್ತಾರೆ? ಅವನನ್ನೊಬ್ಬನನ್ನೇ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಹಾಕಿದರೆ ಹೇಗೆ ಅಂತ ಭಾವ ಕೇಳಿದರು. ಅದೂ ನಡೆಯುವುದು ಕಷ್ಟ, ಯಾಕೆಂದರೆ ಆ ಮೂರು ವರ್ಷದ ವಾಸ ಮುಖ್ಯವಾಗಿ ಓದುವುದಕ್ಕಾಗಿಯೇ ಆಗಿದ್ದರೆ ಲೆಕ್ಕಕ್ಕಿಲ್ಲ ಅಂತ ಅದೇ ನಿಯಮದಲ್ಲಿದೆ. ಮನೆಮಂದಿ ನಿಜವಾಗಿ ಮರಳಬೇಕು, ಅದೂ 2027ರ ಸೆಪ್ಟೆಂಬರ್ 1ರ ಒಳಗೆ. ಅಕ್ಕ ಕ್ಯಾಲೆಂಡರಿನ ಹಿಂದೆ ಆ ತಾರೀಖು ಬರೆದುಕೊಂಡು ಹೋಗಿದ್ದಾಳೆ. ಭಾವ ಇನ್ನೂ ಏನೂ ಹೇಳಿಲ್ಲ.

ಪತ್ರದ ಮೂಲಪ್ರತಿ ಇಲ್ಲೇ ಇದೆ. ದುಬೈಗೆ ತೆಗೆದುಕೊಂಡು ಹೋಗುತ್ತೇವೆ ಅಂತ ಅಕ್ಕ ಅಂದಾಗ ಆಯಿ ಕೊಡಲಿಲ್ಲ. "ಒಂದು ಕಾಗದವನ್ನೂ ಬಿಸಾಡಡ, ಎಲ್ಲ ಇಲ್ಲಿ ತಂದಿಡು" ಅಂದಳು. ಹೊಸ ಕೊಟ್ಟೆಗೆ ಹಾಕಿ, ಎರಡು ನುಸಿಗುಳಿಗೆ ಇಟ್ಟು, ಬಾಯಿ ಕಟ್ಟಿ, ನನ್ನನ್ನು ಮತ್ತೆ ಅಟ್ಟ ಹತ್ತಿಸಿದಳು.